ಪಿನಾಂಗಿನಲ್ಲಿ ಕವುಚಿಟ್ಟ ತಟ್ಟೆ

ದೆವ್ವ, ಗಾಳಿ, ಕನಸಿನ ಸೂಚನೆ ಇಂಥದ್ದನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಇಂಥವರ ಬಾವಿಕಟ್ಟೆಯಲ್ಲಿ ಬಿಳಿ ಸೀರೆಯವಳು ಕೂತಿದ್ದಳಂತೆ ಎಂದು ಅತ್ತೆ ಊರಿನ ಕತೆ ಶುರು ಮಾಡಿದರೆ, ನಾನು ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನಗುವವರು ನಗಬಹುದು. ಆದರೆ ಇದನ್ನು ಹೇಳಬೇಕಾದರೆ ನನ್ನ ಹೊಟ್ಟೆಕಿಚ್ಚಿನ ವಿಷಯವನ್ನೂ ಹೇಳಬೇಕು. ಅದನ್ನು ಬಿಟ್ಟು ಹೇಳಿದರೆ ಅರ್ಧ ಸುಳ್ಳಾಗುತ್ತದೆ.

ಬಹ್ರೇನಿನ ಹೂರಾದಲ್ಲಿ ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿ ನನಗೆ ಕೆಲಸ. ಟಿಕೆಟ್ ಮಾಡಿಸಿಕೊಂಡು ಹೋಗುವವರ ಕವರಿನೊಳಗೆ ಎರಡು ಪುಟದ ಒಂದು ಪಟ್ಟಿ ಇಡುವುದು ನಮ್ಮ ಆಫೀಸಿನ ಕ್ರಮ. ಆ ಊರಿಗೆ ಹೋದರೆ ಏನು ನೋಡಬೇಕು, ಎಲ್ಲಿ ತಿನ್ನಬೇಕು ಎಂಬ ಪಟ್ಟಿ. ಬ್ಯಾಂಕಾಕ್, ಸಿಂಗಾಪುರದ ಪಟ್ಟಿಗಳನ್ನು ಬೇರೆಯವರು ಮಾಡುತ್ತಾರೆ. ಮಲೇಷ್ಯಾದ ಪಿನಾಂಗ್ ಮಾತ್ರ ನನ್ನದು. ಒಂಬತ್ತು ವರ್ಷದಿಂದ ಅದನ್ನು ತಿದ್ದಿ ತಿದ್ದಿ ಬರೆದಿದ್ದೇನೆ. ಹೋಗಿ ಬಂದ ಪ್ರತಿಯೊಬ್ಬರನ್ನೂ ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿ, ಏನು ತಿಂದಿರಿ, ಎಷ್ಟು ಹೊತ್ತು ಕಾದಿರಿ, ಬಿಸಿಲು ಹೇಗಿತ್ತು ಎಂದು ಪೊಲೀಸರ ಹಾಗೆ ವಿಚಾರಿಸುತ್ತಿದ್ದೆ.

ಹಾಗಾಗಿ ಆ ಊರು ನನಗೆ ಬಾಯಿಪಾಠ. ಬೆಟ್ಟ ಹತ್ತುವ ರೈಲಿನಲ್ಲಿ ಬೆಳಗಿನ ಮೊದಲ ಗಾಡಿಯನ್ನೇ ಹಿಡಿಯಿರಿ, ಹತ್ತು ಗಂಟೆ ಆಯಿತೆಂದರೆ ಕ್ಯೂನಲ್ಲೇ ದಿನ ಹೋಗುತ್ತದೆ. ಗೋಡೆಚಿತ್ರಗಳ ಬೀದಿಗೆ ಎಂಟರೊಳಗೆ ಹೋಗಿ. ಸಮುದ್ರದ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳ ಸಾಲಿನಲ್ಲಿ ನಡೆಯಿರಿ, ಆದರೆ ಅಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ, ಕಿಟಕಿಯಲ್ಲಿ ಇಣುಕಬೇಡಿ. ನಾಸಿ ಕಂದರ್ ತಿನ್ನುವಾಗ ಒಂದೇ ಸಾರು ಸಾಕು ಎನ್ನಬೇಡಿ, ನಾಲ್ಕೈದು ಬಗೆಯ ಸಾರನ್ನು ಒಟ್ಟಿಗೆ ಅನ್ನದ ಮೇಲೆ ಸುರಿಸಿಕೊಂಡರೇ ಅದರ ರುಚಿ. ಚೆಂಡೋಲ್ ಎಂದರೆ ನಮ್ಮ ಶಾವಿಗೆ ರಸಾಯನದ ಸಂಬಂಧಿ. ಹಸಿರು ಶಾವಿಗೆ, ತೆಂಗಿನ ಹಾಲು, ಬೆಲ್ಲ, ಮೇಲೆ ಐಸು. ಗಬ್ಬು ವಾಸನೆಯ ದುರಿಯನ್ ಹಣ್ಣನ್ನು ಹೋಟೆಲ್ ರೂಮಿಗೆ ಮಾತ್ರ ಒಯ್ಯಬೇಡಿ, ಹೊರಗೆ ಹಾಕುತ್ತಾರೆ. ಹೀಗೆ ಎರಡು ಪುಟ.

ಇಷ್ಟೆಲ್ಲ ಬರೆದವಳು ಪಿನಾಂಗಿಗೆ ಹೋಗಿರಲಿಲ್ಲ. ರಜೆ ಅಂದರೆ ಊರು. ನಮ್ಮವರು ಎ.ಸಿ. ಕೆಲಸದ ಫೋರ್‌ಮನ್, ಅವರಿಗೆ ರಜೆ ಸಿಕ್ಕಾಗ ನನಗಿಲ್ಲ, ನನಗೆ ಸಿಕ್ಕಾಗ ಊರಿನಲ್ಲಿ ಯಾರದಾದರೂ ಮದುವೆ. ಮುಂದಿನ ವರ್ಷ ಖಂಡಿತ ಎಂದು ನಮ್ಮವರು ಹೇಳುತ್ತಿದ್ದರು. ಅವರು ಹೇಳಿದಾಗೆಲ್ಲ ನಾನು ನಂಬುತ್ತಿದ್ದೆ.

ಇನ್ನು ನನ್ನ ಓರಗಿತ್ತಿ ಪ್ರಮೀಳಾ. ನನ್ನ ಮೈದುನ ಗಣೇಶನ ಹೆಂಡತಿ. ಅವರದು ಹಮದ್ ಟೌನಿನಲ್ಲಿ ಹದಿನಾಲ್ಕನೇ ರೌಂಡ್‌ಎಬೌಟ್ ಹತ್ತಿರ ವಿಲ್ಲಾ. ನಮ್ಮದು ಹೂರಾದಲ್ಲಿ ಮೂರನೇ ಮಹಡಿಯ ಫ್ಲ್ಯಾಟ್, ಲಿಫ್ಟ್ ಇದ್ದೂ ಇಲ್ಲ. ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಆಗುವುದಿಲ್ಲ ಎಂದು ಅವರು ಗಣೇಶನ ವೀಸಾದಲ್ಲಿ ಅಲ್ಲೇ ಇದ್ದರು. ಅದು ಸರಿಯೇ. ಆದರೆ ಪ್ರತಿ ಶುಕ್ರವಾರ ನಾವು ಅಲ್ಲಿಗೆ ಊಟಕ್ಕೆ ಹೋದಾಗ, ಪ್ರಮೀಳಾ ಹೀಗೆ, ಪ್ರಮೀಳಾ ಹಾಗೆ ಎಂದು ಅತ್ತೆ ಹೇಳುವುದನ್ನು ಕೇಳಲಾಗದೆ ನಾನು ಅರ್ಧ ಊಟದಲ್ಲೇ ಕೈತೊಳೆಯಲು ಏಳುತ್ತಿದ್ದೆ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಒಳ್ಳೆಯವಳು, ಬಾಯಿ ತುಂಬ ಅಕ್ಕ ಎನ್ನುತ್ತಾಳೆ.

ಮೂರು ವರ್ಷದ ಹಿಂದೆ ಅವಳ ಮದುವೆಯ ವಾರ್ಷಿಕೋತ್ಸವಕ್ಕೆ ಅದ್ಲಿಯಾದ ಒಂದು ಹೋಟೆಲಿಗೆ ನಮ್ಮನ್ನೂ ಕರೆದಿದ್ದರು. ಐಸ್‌ಕ್ರೀಂ ಬಂದ ಮೇಲೆ ಪ್ರಮೀಳಾ ಹೇಳಿದಳು: "ಅಕ್ಕ, ನಾವು ಪಿನಾಂಗಿಗೆ ಹೋಗ್ತಿದ್ದೇವೆ. ಗಣೇಶ್ ಮೊಬೈಲಲ್ಲೇ ಟಿಕೆಟ್ ಮಾಡಿ ಆಯ್ತು. ನಿಮ್ಮ ಲಿಸ್ಟ್ ಬೇಕು ಮಾರಾಯ್ರೆ. ಅದರಲ್ಲಿ ಬೇರೆ ಯಾರಿಗೂ ಕೊಡದ ಒಂದು ಜಾಗ ನನಗೆ ಬರೆದು ಕೊಡ್ಬೇಕು, ಆಯ್ತಾ?"

ಟಿಕೆಟನ್ನು ನಮ್ಮ ಆಫೀಸಿನಲ್ಲಿ ಮಾಡಿಸಲಿಲ್ಲ, ಅದು ಹೋಗಲಿ. ಪ್ರಪಂಚದಲ್ಲಿ ಇರುವ ಊರುಗಳನ್ನೆಲ್ಲ ಬಿಟ್ಟು ಅವಳಿಗೆ ನನ್ನ ಪಿನಾಂಗೇ ಬೇಕಾಯಿತಲ್ಲ. ನಾನು ನಕ್ಕು, ಖಂಡಿತ ಕೊಡುತ್ತೇನೆ ಎಂದೆ.

ಮರುದಿನ ಆಫೀಸಿನಲ್ಲಿ ಪಟ್ಟಿಯ ಕೊನೆಗೆ ಒಂದು ಜಾಗ ಸೇರಿಸಿದೆ. ಶುದ್ಧ ಸುಳ್ಳು. ದೋಣಿಕಟ್ಟೆಯಿಂದ ಬಂದು ಎಡಕ್ಕೆ ಮೂರನೇ ಗಲ್ಲಿ. ಕೊನೆಯಲ್ಲಿ ಒಂದು ಬಾದಾಮಿ ಮರ. ಮರದ ಹಿಂದೆ ನೀಲಿ ಬಾಗಿಲು. ಬೋರ್ಡ್ ಇಲ್ಲ. ಮಧ್ಯಾಹ್ನ ಒಂದು ಗಂಟೆಗೆ ಒಬ್ಬ ಅಜ್ಜಿ ಅನ್ನ, ಮೀನಿನ ಸಾರು ಬಡಿಸುತ್ತಾಳೆ. ಇಷ್ಟು ಬರೆದೆ. ಊರಿನಲ್ಲಿ ಅಮ್ಮನ ಅಡುಗೆಮನೆಯ ಹಿಂಬಾಗಿಲು ನೀಲಿ ಇತ್ತು, ಅದಕ್ಕೇ ನೀಲಿ ಎಂದು ಕೈಗೆ ಬಂದಿರಬೇಕು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಆ ಗಲ್ಲಿ ಈ ಗಲ್ಲಿ ಸುತ್ತಿ ಅವಳ ಮುಖ ಕೆಂಪಾಗಲಿ ಎಂಬುದು ಬಿಟ್ಟು ನನಗೆ ಬೇರೆ ಉದ್ದೇಶ ಇರಲಿಲ್ಲ. ಸಿಗದಿದ್ದರೆ ಮುಚ್ಚಿರಬೇಕು ಎಂದರಾಯಿತು.

ಅವರು ಹೊರಟ ದಿನ ಏರ್‌ಪೋರ್ಟಿಗೆ ಬಿಡಲು ನಮ್ಮವರು ಹೋಗಿದ್ದರು. ವಾಪಸು ಬಂದು ಶೂ ಬಿಚ್ಚುತ್ತ, "ಅಮ್ಮನೂ ಹೋದ್ರು. ಪ್ರಮೀಳಾ ಹಟ ಹಿಡಿದು ಕರ್ಕೊಂಡು ಹೋದ್ಲು. ನಿನಗೆ ಹೇಳಿಲ್ವಾ?" ಎಂದರು.

ಎಪ್ಪತ್ತು ದಾಟಿದ ಹೆಂಗಸು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ನಾನು ಹೊಟ್ಟೆಕಿಚ್ಚಿನಲ್ಲಿ ಹುಟ್ಟಿಸಿದ ಗಲ್ಲಿಯಲ್ಲಿ ಇಲ್ಲದ ಬಾಗಿಲನ್ನು ಹುಡುಕಬೇಕು. ಅಲ್ಲಿಯ ಬಿಸಿಲು ಎಂಥದ್ದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಿಸಿಲಿಗೆ ತಲೆ ತಿರುಗಿ ಬಿದ್ದವರ ಕತೆಯನ್ನು ನಾನೇ ಗಿರಾಕಿಗಳಿಂದ ಕೇಳಿದ್ದೆ. ಕೂಡಲೇ ಮೆಸೇಜ್ ಹಾಕಬಹುದಿತ್ತು. ಹಾಕಲಿಲ್ಲ. ಬರೆದು ಅಳಿಸಿದೆ, ಮತ್ತೆ ಬರೆದು ಮತ್ತೆ ಅಳಿಸಿದೆ. ಬೇಡ ಎಂದು ಬರೆದರೆ ಯಾಕೆ ಎಂದು ಕೇಳುತ್ತಾರೆ, ನನ್ನ ಬಣ್ಣ ಬಯಲಾಗುತ್ತದೆ ಎಂಬ ಹೆದರಿಕೆ. ನಾಚಿಕೆಯಾಗುತ್ತದೆ ಈಗ ನೆನೆದರೆ.

ಮೂರನೆಯ ದಿನ ಬೆಳಿಗ್ಗೆ ಎಂಟೂಕಾಲಿಗೆ ಆಫೀಸಿಗೆ ಬಂದು ಕೂತವಳಿಗೆ ಇನ್ನು ತಡೆಯಲಾಗಲಿಲ್ಲ. ಪಿನಾಂಗಿನ ಗಡಿಯಾರ ನಮಗಿಂತ ಐದು ಗಂಟೆ ಮುಂದೆ. ಅಲ್ಲಿ ಆಗಲೇ ಒಂದೂಕಾಲು. "ಕೊನೆಯ ಜಾಗಕ್ಕೆ ಹೋಗಬೇಡ, ಅದು ಮುಚ್ಚಿದೆಯಂತೆ" ಎಂದು ಪ್ರಮೀಳಾಗೆ ಕಳಿಸಿದೆ.

ಎರಡು ನಿಮಿಷದಲ್ಲಿ ಉತ್ತರ ಬಂತು. "ಮುಚ್ಚಿಲ್ಲ ಅಕ್ಕ. ಇಲ್ಲೇ ಕೂತಿದ್ದೇವೆ." ಕೆಳಗೆ ಒಂದು ಫೋಟೋ.

ಬಾದಾಮಿ ಮರ. ಅದರ ಹಿಂದೆ ತೆರೆದ ನೀಲಿ ಬಾಗಿಲು. ಮರದ ನೆರಳಿನಲ್ಲಿ ಮೇಜು, ಅತ್ತೆ ಕಾಲು ಚಾಚಿ ಆರಾಮವಾಗಿ ಕೂತು ಮೀನಿನ ಮುಳ್ಳು ತೆಗೆಯುತ್ತಿದ್ದಾರೆ. ಸೆಲ್ಫಿಗೆ ಕೈ ಚಾಚಿದ ಪ್ರಮೀಳಾ, ಪಕ್ಕದಲ್ಲಿ ಗಣೇಶ ನಗುತ್ತಿದ್ದಾರೆ. ತಲೆಗೆ ಬಿಳಿ ಬಟ್ಟೆ ಹೊದ್ದ ಒಬ್ಬ ಮುದುಕಿ ಒಳಗೆ ಹೋಗುತ್ತಿದ್ದಾಳೆ, ಬೆನ್ನು ಮಾತ್ರ ಕಾಣುತ್ತದೆ. ಮೇಜಿನ ನಾಲ್ಕನೆಯ ಬದಿಯಲ್ಲಿ ಖಾಲಿ ಕುರ್ಚಿ. ಅದರ ಎದುರು ಒಂದು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿ ಇಟ್ಟಿದೆ. ಕವುಚಿದ ತಟ್ಟೆಯ ಬೆನ್ನಿನ ಮೇಲೆ ಒಂದು ಹಸಿಮೆಣಸು.

ಮರ, ಬಾಗಿಲು, ಅಜ್ಜಿ, ಇದಕ್ಕೆಲ್ಲ ಕಾಕತಾಳೀಯ ಎನ್ನಬಹುದು. ಎಷ್ಟು ಗಲ್ಲಿ, ಎಷ್ಟು ಬಾಗಿಲು, ಯಾವುದೋ ಒಂದು ಹೊಂದಿರಬಹುದು. ಆದರೆ ಆ ಮೆಣಸನ್ನು ನಾನು ಬರೆದಿರಲಿಲ್ಲ. ಅದು ನಮ್ಮ ಅಮ್ಮನದು. ನಾನು ಕಾಲೇಜು ಮುಗಿಸಿ ಬಸ್ಸು ಹಿಡಿದು ಬರುವಾಗ ಮೂರೂವರೆಯಾಗುತ್ತಿತ್ತು. ಅಷ್ಟರೊಳಗೆ ಇಬ್ಬರು ಅಣ್ಣಂದಿರು ಮೀನನ್ನೆಲ್ಲ ಮುಗಿಸಿಬಿಡುತ್ತಾರೆಂದು ಅಮ್ಮ ನನ್ನ ಪಾಲು ಬಡಿಸಿ, ತಟ್ಟೆ ಕವುಚಿ, ಮೇಲೆ ಒಂದು ಹಸಿಮೆಣಸು ಇಡುತ್ತಿದ್ದರು. "ಅವಳದ್ದು ಮುಟ್ಟಿದವರ ಬಾಯಿ ಉರಿದು ಹೋಗ್ಲಿ" ಎನ್ನುತ್ತಿದ್ದರು. ಅಮ್ಮ ಹೋಗಿ ಹದಿನೇಳು ವರ್ಷವಾಯಿತು. ಈ ಮೆಣಸಿನ ವಿಷಯವನ್ನು ನಾನು ನಮ್ಮವರಿಗೂ ಹೇಳಿದವಳಲ್ಲ, ಹೇಳುವಂಥ ಸಂಗತಿ ಎಂದೇ ಅನ್ನಿಸಿರಲಿಲ್ಲ.

ಆ ದಿನ ಆಫೀಸಿನಲ್ಲಿ ನಾನು ಏನು ಕೆಲಸ ಮಾಡಿದೆನೋ ಗೊತ್ತಿಲ್ಲ. ಸಂಜೆಯವರೆಗೆ ಫೋಟೋವನ್ನು ದೊಡ್ಡದು ಮಾಡಿ ನೋಡಿದ್ದೇ ನೋಡಿದ್ದು. ಹೆದರಿಕೆ ಆಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಅದಕ್ಕಿಂತ ಹೆಚ್ಚಾಗಿ ಆದದ್ದು ಸಂಕಟ. ನನ್ನ ಸುಳ್ಳು, ನನ್ನ ಬಾಗಿಲು, ನನ್ನ ಅಮ್ಮನ ಮೆಣಸು. ಅಲ್ಲಿ ಹೋಗಿ ಕೂತವಳು ಪ್ರಮೀಳಾ.

ಅವರು ಬಂದ ಮೇಲಿನ ಶುಕ್ರವಾರ ಹಮದ್ ಟೌನಿನಲ್ಲಿ ಊಟ. ಅತ್ತೆಯದು ಒಂದೇ ಹೊಗಳಿಕೆ, ಈ ಸಲ ನನ್ನದು. ಇಂಥ ಜಾಗ ಹೇಳಿಕೊಟ್ಟವಳು ನೀನು, ಅಜ್ಜಿ ನನ್ನ ಕಾಲಿಗೆ ಬಿಸಿನೀರಿನ ಬಟ್ಟೆ ಇಟ್ಟಳು, ಎಂದು ಎಲ್ಲರೆದುರು ನನ್ನ ತಲೆ ಸವರಿದರು. ಮದುವೆಯಾಗಿ ಹದಿನೈದು ವರ್ಷ ಕಾದ ಮಾತು ಬಂದಾಗ ನನಗೆ ತಲೆ ಎತ್ತಲಾಗಲಿಲ್ಲ. ಆ ತಟ್ಟೆ ಯಾರದ್ದು ಎಂದು ಕೇಳಿದೆ. ಗಣೇಶ ಮೊದಲು ಚೆನ್ನೈಯಲ್ಲಿ ಇದ್ದವನು, ಆ ಅಜ್ಜಿಯ ತಮಿಳು ಅವನಿಗೆ ಬರುತ್ತದೆ. "ನಾನೂ ಕೇಳಿದೆ ಅತ್ತಿಗೆ. ತಡವಾಗಿ ಬರುವವಳದ್ದು ಅಂದ್ಲು," ಎಂದ. ಪ್ರಮೀಳಾ ಏನೋ ಹೇಳಲು ಬಾಯಿ ತೆರೆದು, ಸುಮ್ಮನೆ ಎದ್ದು ಮಜ್ಜಿಗೆ ತರಲು ಹೋದಳು.

ಕಳೆದ ವರ್ಷ ನಾವೂ ಹೋದೆವು. ನಮ್ಮವರು ಕೊನೆಗೂ ಮಾತು ಉಳಿಸಿಕೊಂಡರು. ನನ್ನ ಪಟ್ಟಿಯ ಎಲ್ಲವೂ ಇದ್ದ ಹಾಗೆಯೇ ಇತ್ತು. ಮೊದಲ ರೈಲು, ಗೋಡೆಚಿತ್ರ, ಸಾರಿನಲ್ಲಿ ಈಜುವ ಅನ್ನ, ಚೆಂಡೋಲ್. ಯಾವುದೂ ನನ್ನ ಬಾಯಿಗೆ ರುಚಿಸಲಿಲ್ಲ. ಕಣ್ಣೆಲ್ಲ ಆ ಮೂರನೇ ಗಲ್ಲಿಯ ಮೇಲೆ. ಒಂದು ಗಂಟೆಗೆ ಸರಿಯಾಗಿ ಹೋದೆ. ಗಲ್ಲಿ ಇತ್ತು. ಬಾದಾಮಿ ಮರ ಇತ್ತು, ಫೋಟೋದಲ್ಲಿ ಕಂಡ ಅದೇ ಓರೆ ಕೊಂಬೆ. ಅದರ ಹಿಂದೆ ಪಾಚಿ ಹಿಡಿದ ಗೋಡೆ. ಬಾಗಿಲು ಇದ್ದ ಗುರುತು ಕೂಡ ಇಲ್ಲ. ಎದುರಿನಲ್ಲಿ ಕೊಡೆ ರಿಪೇರಿ ಮಾಡುವ ಮುದುಕನಿಗೆ ಫೋಟೋ ತೋರಿಸಿದೆವು. ಅವನು ಕನ್ನಡಕ ಏರಿಸಿ ನೋಡಿ, ಮರ ಇದೇ, ಬಾಗಿಲು ಇಲ್ಲಿಯದಲ್ಲ, ನಾನು ಹುಡುಗನಾಗಿದ್ದಾಗಿನಿಂದ ಇದು ಗೋಡೆಯೇ ಎಂದ. ಆ ಬಿಸಿಲಿನಲ್ಲಿ ಎರಡು ಗಂಟೆ ನಾನು ಆ ಗಲ್ಲಿ ಈ ಗಲ್ಲಿ ಸುತ್ತಿದೆ. ಮುಖ ಕೆಂಪಾದದ್ದು ನನ್ನದು. ಹಸಿವೆಯಲ್ಲಿ ನಮ್ಮವರಿಗೆ ಸಿಟ್ಟು ಬಂದು, ಎಲ್ಲೋ ಒಂದು ಕಡೆ ನೂಡಲ್ಸ್ ತಿಂದು ರೂಮಿಗೆ ಹೋದೆವು.

ಬಹ್ರೇನಿಗೆ ಬಂದವಳೇ ಪ್ರಮೀಳಾಳ ಮನೆಗೆ ಹೋದೆ. ಅತ್ತೆ ಮಲಗಿದ್ದರು. ಅಡುಗೆಮನೆಯಲ್ಲಿ ನಿಂತು ಎಲ್ಲ ಹೇಳಿದೆ. ಆ ಜಾಗ ನಾನು ಹುಟ್ಟಿಸಿದ್ದು, ನಿನ್ನನ್ನು ಸುತ್ತಿಸಲು ಬರೆದದ್ದು, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಬರೆದದ್ದು ಎಂದು. ಅಮ್ಮನ ಮೆಣಸಿನ ಮಾತೊಂದನ್ನು ಮಾತ್ರ ಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಗ್ಯಾಸ್ ಆರಿಸಿ ನನ್ನ ಮುಖವನ್ನೇ ನೋಡಿದಳು.

"ಅಕ್ಕ, ನಾನೂ ಒಂದು ಹೇಳ್ಲಿಲ್ಲ," ಎಂದಳು. "ನಮಗೆಲ್ಲ ಬಾಲದ ತುಂಡು ಬಡಿಸಿದ್ಲು ಆ ಅಜ್ಜಿ. ಅವಳು ಒಳಗೆ ಹೋದಾಗ ನಾನು ಆ ತಟ್ಟೆ ಎತ್ತಿ ನೋಡಿದೆ. ಅದ್ರಲ್ಲಿ ನಡು ತುಂಡು, ಎರಡೆರಡು. ಇಷ್ಟು ದೂರ ಬಂದದ್ದು ನಾವು, ಒಳ್ಳೆದೆಲ್ಲ ಬರದೆ ಇದ್ದವಳಿಗಾ ಅಂತ ಹೊಟ್ಟೆ ಉರಿದು ಹೋಯ್ತು. ಅದು ನಿಮ್ಮದೇ ಅಂತ ನಂಗೆ ಯಾಕೋ ಗೊತ್ತಿತ್ತು. ಒಂದು ಚೂರು ಮುರಿದು ಬಾಯಿಗೆ ಹಾಕ್ಕೊಂಡೆ."

"ಮತ್ತೆ?"

"ಖಾರವೇ ಇರ್ಲಿಲ್ಲ ಅಕ್ಕ ಆ ಸಾರು. ಆದ್ರೆ ಬಾಯಿ ಉರಿ ಹತ್ತಿದ್ದು ಎರಡು ದಿನ ಇಳೀಲಿಲ್ಲ. ಹೋಟೆಲಲ್ಲಿ ಬರೀ ಐಸ್ ಚೀಪ್ತಾ ಕೂತಿದ್ದೆ."

ಅಮ್ಮ ಮೆಣಸಿಟ್ಟು ಹೇಳುತ್ತಿದ್ದ ಮಾತನ್ನು ನಾನು ಅವಳಿಗೆ ಆಗಲೂ ಹೇಳಲಿಲ್ಲ. ಈಗಲೂ ಹೇಳಿಲ್ಲ. ಫೋಟೋ ಇನ್ನೂ ನನ್ನ ಫೋನಿನಲ್ಲಿದೆ, ಬಾಗಿಲು ನೀಲಿಯೇ ಇದೆ, ಮೆಣಸು ಹಸಿಯೇ ಇದೆ. ಅಮ್ಮ ನನ್ನ ಪಾಲನ್ನು ಅಷ್ಟು ದೂರದಲ್ಲೂ ಕಾಯ್ದಿಟ್ಟಿದ್ದರು ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಆಗುವುದಿಲ್ಲ. ಬಾಯಿ ಎಷ್ಟು ಉರಿದರೇನು, ಅಮ್ಮನ ಕೈಯ ಆ ಮೀನನ್ನು ಕೊನೆಗೆ ತಿಂದವಳು ಅವಳೇ.