ಮೇಲಿನ ಹೊಲದ ಮಣ್ಣು

ಇವತ್ತು ಬೆಳಿಗ್ಗೆ ಭಜ್ಜಿಗೆ ಕಡಲೆಹಿಟ್ಟು ಕದಡಿ ಹಾಕಿ ಸೌಟು ತಿರುವುತ್ತಿದ್ದೆ. ಹಸಿ ತೊಗರಿಕಾಳು, ಅವರೆಕಾಳು, ಮೆಂತ್ಯದ ಸೊಪ್ಪು, ಹುಣಸೆಹುಳಿ ಎಲ್ಲ ಕೂಡಿ ಒಂದು ಕುದಿ ಬಂದು ಆ ವಾಸನೆ ಮನೆಯೆಲ್ಲ ಹರಡಿದ್ದೇ ತಡ, ನನಗೆ ನಗು ಬಂತು. ನಾಳೆ ಎಳ್ಳಮಾವಾಸ್ಯೆ. ಈ ಸೇಡಂ ಪೇಟೆಯಲ್ಲಿ ಮಿಕ್ಕವರಿಗೆ ಭಜ್ಜಿಯ ವಾಸನೆಗೆ ಹಸಿವಾಗುತ್ತದೆ, ನನಗೆ ಮೇಲಿನ ಹೊಲದ ಕಾಕಾ ನೆನಪಾಗುತ್ತಾರೆ. "ಒಬ್ಬಾಕೇ ಯಾಕ ನಗಲಿಕತ್ತೀದಿ?" ಎಂದು ನಮ್ಮವರು ಅಡುಗೆಮನೆಗೆ ಇಣುಕಿದರು. "ಕಾಕಾ" ಎಂದೆ. ಅವರೂ ನಕ್ಕರು. ಅಷ್ಟರಲ್ಲಿ ಭಜ್ಜಿ ತಳ ಹಿಡಿದಿತ್ತು.

ನಾನು ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ಅಲ್ಲಿ ನೆಲಕ್ಕೂ ಫರ್ಶಿಕಲ್ಲು, ಗೋಡೆಗೂ ಫರ್ಶಿ, ಬಟ್ಟೆ ಒಗೆಯಲಿಕ್ಕೂ ಫರ್ಶಿ. ನೀರು ಚೆಲ್ಲಿದರೆ ಎತ್ತ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಲ್ಲುವಷ್ಟು ಸಮ ನೆಲ. ಅಂಥವಳನ್ನು ಕೊಟ್ಟದ್ದು ಚಿಂಚೋಳಿಯಾಚೆ ಗುಡ್ಡದ ಮೇಲಿರುವ ಒಂದು ಸಣ್ಣ ಹಳ್ಳಿಗೆ. ಬಸ್ಸು ಗುಡ್ಡದ ಬುಡದಲ್ಲಿ ಇಳಿಸಿ ಹೋಗುತ್ತಿತ್ತು, ಅಲ್ಲಿಂದ ಮೇಲೆ ನಮ್ಮ ಕಾಲೇ ನಮಗೆ ಗತಿ. ಮದುವೆಯಾದ ಹೊಸದರಲ್ಲಿ ನನ್ನ ಕೈಯಿಂದ ಜಾರಿದ ನಿಂಬೆಹಣ್ಣೊಂದು ಅಂಗಳ ದಾಟಿ, ಓಣಿ ಇಳಿದು, ಕೆಳಗಿನವರ ಕೊಟ್ಟಿಗೆಯ ತನಕ ಹೋಗಿತ್ತು. ಅದನ್ನು ತಂದುಕೊಟ್ಟವರು ಹಣ್ಣಿನ ಜೊತೆಗೆ, ಶಹಾಬಾದಿನ ಸೊಸೆಗೆ ಒಂದು ನಿಂಬೆಹಣ್ಣು ಹಿಡಿಯಲಿಕ್ಕೂ ಬರುವುದಿಲ್ಲ ಎಂಬ ಸುದ್ದಿಯನ್ನೂ ಊರೆಲ್ಲ ಹಂಚಿದರು.

ಆ ಊರಿನಲ್ಲಿ ಉರುಳದ ವಸ್ತುವೇ ಇರಲಿಲ್ಲ. ಹೊಲದ ಮಣ್ಣೂ ಅಷ್ಟೆ. ಹೊಲಗಳೆಲ್ಲ ಇಳಿಜಾರಿನಲ್ಲಿ ಒಂದರ ಕೆಳಗೊಂದು. ಮಳೆಗಾಲ ಬಂತೆಂದರೆ ಮೇಲಿನವರ ಮಣ್ಣು ಬದು ಒಡೆದುಕೊಂಡು ಕೆಳಗಿನವರ ಹೊಲಕ್ಕೆ ಬಂದು ಕೂರುತ್ತಿತ್ತು. ಬೇಸಿಗೆಯಲ್ಲಿ ಮೇಲಿನವರು ಬುಟ್ಟಿ ಸಲಿಕೆ ಹಿಡಿದು ಇಳಿದು, ತಮ್ಮ ಮಣ್ಣನ್ನು ತುಂಬಿಕೊಂಡು, ತಲೆಯ ಮೇಲೆ ಹೊತ್ತು ಮತ್ತೆ ಮೇಲೆ ಒಯ್ದು ಹಾಕುತ್ತಿದ್ದರು. ಇದಕ್ಕೆ ಮಣ್ಣು ಏರಿಸುವುದು ಎನ್ನುತ್ತಿದ್ದರು. ಕೆಳಗಿನವರು ಬೇಡವೆನ್ನುತ್ತಿರಲಿಲ್ಲ, ಚಹಾ ಕೂಡ ಕೊಡುತ್ತಿದ್ದರು. ಮತ್ತೆ ಮಳೆ ಬಂದು ಮತ್ತೆ ಇಳಿಸುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಏರಿಸುತ್ತಿದ್ದರು.

ಏರಿಸಲು ಬಿಡದವರು ಇಡೀ ಊರಿನಲ್ಲಿ ಒಬ್ಬರೇ, ನಮ್ಮ ಮಾವನವರು. ನಮ್ಮ ಹೊಲದ ಮೇಲಿನದೇ ಕಾಕಾನ ಹೊಲ. ಸಂಬಂಧದಲ್ಲಿ ಏನೂ ಅಲ್ಲ, ಊರಿನ ಲೆಕ್ಕದಲ್ಲಿ ಕಾಕಾ. ನಾನು ಮದುವೆಯಾಗಿ ಬರುವ ಮೊದಲೇ ಯಾರದೋ ಮದುವೆ ಪಂಕ್ತಿಯಲ್ಲಿ ಕೂತು, ಹತ್ತು ಮಂದಿಯ ಎದುರಿಗೆ, ನಮ್ಮ ಹೊಲದಲ್ಲಿ ತೊಗರಿ ಬರುವುದು ತಮ್ಮ ಮಣ್ಣಿನ ಪುಣ್ಯದಿಂದ ಎಂದುಬಿಟ್ಟಿದ್ದರಂತೆ. ಮಾವನವರಿಗೆ ಸಿಟ್ಟು ನೆತ್ತಿಗೇರಿತು. "ತಾನಾಗಿ ಬಂದ ಮಣ್ಣದ. ನಾ ಕರದಿಲ್ಲ, ಕಳಸೂದೂ ಇಲ್ಲ" ಎಂದು ಎಲೆಯ ಮುಂದಿನಿಂದ ಎದ್ದರಂತೆ. ಹೋಳಿಗೆ ಮಾತ್ರ ಆಗಲೇ ಮುಗಿಸಿದ್ದರು ಎಂದು ಅತ್ತೆ ಹೇಳುತ್ತಿದ್ದರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ, ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡುವುದೂ ಇಲ್ಲ.

ಮಾತಿಲ್ಲ ಎಂದರೆ ಜಗಳ ನಿಂತಿತು ಎಂದಲ್ಲ. ಜಗಳ ನಮ್ಮ ಎತ್ತಿನ ಮೂಲಕ ನಡೆಯುತ್ತಿತ್ತು. ಬೇಸಿಗೆ ಬಂದರೆ ಕಾಕಾ ಬುಟ್ಟಿ ಹಿಡಿದು ಬದುವಿನ ಮೇಲೆ ನಿಂತು, "ಎತ್ತಪ್ಪಾ, ನಿಮ್ಮ ಮಾಲಕಗ ಹೇಳು, ಮಂದಿ ಮಣ್ಣಿನ ಮ್ಯಾಲ ಮೆರೀಬ್ಯಾಡ ಅಂತ" ಎನ್ನುವರು. ಮಾವನವರು ಎತ್ತಿನ ಮೈ ತಿಕ್ಕುತ್ತ, "ಹೇಳೋ ಅವಗ, ಮಣ್ಣಿನ ಕೂಡ ಕಲ್ಲೂ ಬಂದಾವ, ಬೇಕಾದ್ರ ಅವನ್ನಷ್ಟ ಒಯ್ಯಿ ಅಂತ" ಎನ್ನುವರು. ಎತ್ತು ತನ್ನ ಪಾಡಿಗೆ ಮೆಲುಕು ಹಾಕುತ್ತಿತ್ತು. ಎರಡೂ ಕಡೆಯ ಬೈಗುಳ ಕೇಳಿಯೂ ಯಾರಿಗೂ ಚಾಡಿ ಹೇಳದ ಅಂಥ ಪ್ರಾಣಿಯನ್ನು ನಾನು ಆ ಊರಿನಲ್ಲಿ ಬೇರೆ ನೋಡಲಿಲ್ಲ.

ನನ್ನ ಜೊತೆ ಮಾತ್ರ ಕಾಕಾ ನೇರ ಮಾತಾಡುತ್ತಿದ್ದರು. ಹೊಸ ಸೊಸೆಗೆ ಹಳೆಯ ಜಗಳ ಅಂಟುವುದಿಲ್ಲ ಎಂದು ಅವರೇ ತೀರ್ಮಾನಿಸಿದ್ದರು. ನಾನು ಬುತ್ತಿ ಹೊತ್ತು ಹೊಲಕ್ಕೆ ಹೋಗುವಾಗ ಮೇಲಿನಿಂದ ಕೂಗುವರು: "ಯವ್ವಾ ಶಹಾಬಾದಿನಾಕಿ, ನಿಮ್ಮೂರಾಗ ಫರ್ಶಿ ಮಾರತಾರ. ನನ್ನ ಹೊಲದಾಗ ದೇವರು ಪುಕ್ಕಟ ಹಾಸ್ಯಾನ, ಬಂದು ನೋಡು!" ನಾನು ನಗುತ್ತಿದ್ದೆ. ಅವರೂ ನಗುತ್ತಿದ್ದರು. ಆದರೆ ಅದು ಪೂರ್ತಿ ನಗುವ ಮಾತಾಗಿರಲಿಲ್ಲ. ವರ್ಷ ವರ್ಷ ಮಣ್ಣು ಇಳಿದು, ಏರಿಸದೆ ಉಳಿದು, ಅವರ ಹೊಲದಲ್ಲಿ ಬಂಡೆ ಅಲ್ಲಲ್ಲಿ ತಲೆ ಎತ್ತಿತ್ತು. ನಮ್ಮ ಜೋಳ ಎದೆಮಟ್ಟಕ್ಕೆ ಬಂದರೆ ಅವರದು ಮೊಣಕಾಲಿಗೆ. ಇನ್ನು ಕೆಲವು ಮಳೆಗಾಲ ಹೀಗೇ ಆದರೆ ಅಲ್ಲಿ ಬಿತ್ತಲು ಏನೂ ಉಳಿಯುವುದಿಲ್ಲ ಎಂದು ಕಾಕು, ಅಂದರೆ ಅವರ ಹೆಂಡತಿ, ಅತ್ತೆಯ ಹತ್ತಿರ ಬಾವಿಕಟ್ಟೆಯಲ್ಲಿ ಕಣ್ಣೀರು ಹಾಕುತ್ತಿದ್ದರು. ಗಂಡಸರ ಜಗಳ ಬಾವಿಕಟ್ಟೆಯ ತನಕ ಬಂದಿರಲಿಲ್ಲ.

ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲುವುದು ನಮ್ಮ ಕಡೆಯ ಪದ್ಧತಿ. ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ಸಜ್ಜೆರೊಟ್ಟಿ, ಭಜ್ಜಿ, ಕಡಬು, ಅಂಬಲಿ ಎಲ್ಲ ಕಲಸಿದ ಬುಟ್ಟಿ ಹಿಡಿದು ಮನೆಯ ಯಜಮಾನ ಹೊಲದ ಸುತ್ತ ಎರಚುತ್ತ ಹೋಗುತ್ತಾನೆ, "ಹುಲಿಗ್ಯೋ... ಹುಲಿಗ್ಯೋ..." ಎಂದು ಕೂಗುತ್ತಾನೆ. ಹಿಂದೆ ಒಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತ ನಡೆಯಬೇಕು. ಇಬ್ಬರೂ ಬರಿಗಾಲು. ನೀರು ಚಿಮುಕಿಸುವವರು ಸುತ್ತು ಮುಗಿಯುವ ತನಕ ತುಟಿ ಬಿಚ್ಚಬಾರದೆಂದು ಆ ಊರಿನ ಕಟ್ಟು. ಭೂತಾಯಿ ಬಸುರಿ, ಅವಳಿಗೆ ಅವತ್ತು ಬಯಕೆಯ ಊಟ. ಅವತ್ತು ಹೊಲ ಉಪವಾಸ ಉಳಿದರೆ ವರ್ಷವೆಲ್ಲ ಮನೆಗೆ ಒಳ್ಳೆಯದಲ್ಲ ಎಂದು ಎಲ್ಲರೂ ನಂಬಿದ್ದರು.

ಯಾರ ಕೂಗು ಮೊದಲು ಏಳುತ್ತದೆ ಎಂಬುದರಲ್ಲೂ ಮಾವನವರಿಗೂ ಕಾಕಾನಿಗೂ ಪೈಪೋಟಿ. ಒಂದು ವರ್ಷ ಕಾಕಾ ಇನ್ನೂ ಮಂಜು ಹರಿಯುವ ಮೊದಲೇ ಹೊರಟರು. ಗುಡ್ಡದ ಮಂಜು ಎಂದರೆ ಚಾಚಿದ ಕೈ ಕಾಣಿಸುವುದಿಲ್ಲ. ನಾವು ಪೂಜೆಗೆ ಕುಂಕುಮ ತೆಗೆಯುವಷ್ಟರಲ್ಲೇ "ಹುಲಿಗ್ಯೋ" ಎದ್ದಿತು. ಮಾವನವರ ಮುಖ ಗಂಟಾಯಿತು. ಕೂಗು ಸ್ವಲ್ಪ ಹತ್ತಿರವೇ ಕೇಳುತ್ತಿತ್ತು. ಮಂಜಿಗೆ ದನಿ ಹಾಗೆ ಕೇಳುತ್ತದೆ ಎಂದು ಅತ್ತೆ ಅಂದರು. ಆಮೇಲೆ ಇನ್ನೂ ಹತ್ತಿರ ಕೇಳಿತು. ಆಮೇಲೆ ಮಂಜಿನೊಳಗಿಂದ ಒಂದು ಮುಷ್ಟಿ ಭಜ್ಜಿ ಬಂದು ಮಾವನವರ ಮೈಮೇಲೆ ಬಿತ್ತು.

ಮಂಜು ಸರಿಯಿತು. ನಮ್ಮ ಪಾಂಡವರ ಎದುರಿಗೆ ಕಾಕಾ ಖಾಲಿ ಬುಟ್ಟಿ ಹಿಡಿದು ನಿಂತಿದ್ದರು. ಮಳೆಗಾಲದಲ್ಲಿ ಬದು ಒಡೆದು, ಅವರ ಮಣ್ಣೇ ಜಾರಿ ನಮ್ಮ ಹೊಲದ ತನಕ ಒಂದು ದಾರಿಯಂತೆ ಆಗಿತ್ತು. ಕಾಲಿಗೆ ತಮ್ಮ ಮಣ್ಣೇ ಹತ್ತಿದ್ದರಿಂದ ತಮ್ಮ ಹೊಲವೆಂದೇ ತಿಳಿದು ಇಳಿದು ಬಂದಿದ್ದರು. ನಮ್ಮ ಹೊಲದ ಸುತ್ತ ಪೂರ್ತಿ ಚರಗ ಚೆಲ್ಲಿ, ಒಂದು ಅಗುಳೂ ಉಳಿಸಿರಲಿಲ್ಲ. ಹಿಂದೆ ಕಾಕು ತಂಬಿಗೆ ಹಿಡಿದು ನಿಂತಿದ್ದರು. ಸುತ್ತು ಮುಗಿದದ್ದೇ ಅವರು ಬಾಯಿ ಬಿಟ್ಟರು: "ಅರ್ಧಾ ಸುತ್ತಿಗೇ ನನಗ ಗೊತ್ತಾಗಿತ್ರಿ. ಕಾಲಿಗಿ ಒಂದೂ ಕಲ್ಲು ಚುಚ್ಚಲಿಲ್ಲ. ಮಾತಾಡಬಾರದಲ್ರಿ, ಸುಮ್ಮನ ಬಂದೆ."

ಮಾವನವರು ಹೊಟ್ಟೆ ಹಿಡಿದು ನಕ್ಕರು. ನಗುತ್ತ ನಗುತ್ತ ಕೂತೇಬಿಟ್ಟರು. ನಾನೂ ಸೆರಗು ಬಾಯಿಗೆ ಒತ್ತಿಕೊಂಡೆ. ಆದರೆ ಕಾಕಾನ ಮುಖ ನೋಡಿ ನನ್ನ ನಗು ಅಲ್ಲೇ ನಿಂತಿತು. ಅವರು ಖಾಲಿ ಬುಟ್ಟಿಯನ್ನೇ ನೋಡುತ್ತಿದ್ದರು. "ಎತ್ತಪ್ಪಾ" ಎಂದು ಶುರು ಮಾಡಿದರು, ಮುಂದೆ ಮಾತು ಹೊರಡಲಿಲ್ಲ. ಮನೆಯಲ್ಲಿ ಮಾಡಿದ್ದೆಲ್ಲ ಆ ಬುಟ್ಟಿಯಲ್ಲೇ ಮುಗಿದಿತ್ತು. ಮೇಲಿನ ಹೊಲ ಉಪವಾಸ ಉಳಿದಿತ್ತು, ಅದೂ ಹಾಗೆ ಬಡಕಲಾದ ಹೊಲ.

ತೀರ್ಮಾನ ಮಾಡಿದವರು ಅತ್ತೆ. "ನಮ್ಮ ಹೊಲ ಉಂಡದ. ಅವರ ಹೊಲ ಉಪಾಸ ಅದ. ನಮ್ಮ ಬುಟ್ಟಿ ತಗೊಂಡ್ ಮ್ಯಾಲ ಹೋಗ್ರಿ" ಎಂದು ಮಾವನವರ ಕೈಗೆ ಬುಟ್ಟಿ ಇಟ್ಟರು. ಬೇಕಾದರೆ ಕಾಕಾನೇ ಒಯ್ಯಲಿ ಎಂದು ಮಾವನವರು ಕೊಸರಿದರು. ನಮ್ಮ ಮನೆಯ ಬುಟ್ಟಿಯನ್ನು ನಮ್ಮ ಮನೆಯ ಯಜಮಾನನೇ ಚೆಲ್ಲಬೇಕು ಎಂದು ಅತ್ತೆ ಕಣ್ಣು ಕೆಂಪಗೆ ಮಾಡಿದರು. ಭೂತಾಯಿಗೆ ಎದುರಾಡಬಹುದಿತ್ತೇನೋ, ಅತ್ತೆಗೆ ಎದುರಾಡುವ ಧೈರ್ಯ ಮಾವನವರಿಗೆ ಇರಲಿಲ್ಲ. ಬುಟ್ಟಿ ಹಿಡಿದು ಬರಿಗಾಲಲ್ಲಿ ಬದು ಏರಿದರು. ತಂಬಿಗೆ ಹಿಡಿದು ಹಿಂದೆ ಹೋದವಳು ನಾನು.

ಮೊದಲು ಕೂಗು ಗಂಟಲಲ್ಲೇ ಉಳಿಯಿತು. "ಜೋರ್ ಕರೀರಿ, ನಮ್ಮ ಹೊಲಕ್ಕ ಕರದಂಗ!" ಎಂದು ಕೆಳಗಿನಿಂದ ಅತ್ತೆ ಗದರಿದರು. ಮಾವನವರು ಉಸಿರು ತುಂಬಿ "ಹುಲಿಗ್ಯೋ" ಎಂದರು, ಹೆಜ್ಜೆ ಇಟ್ಟರು, "ಅಯ್ಯಯ್ಯೋ" ಎಂದರು. ಸುತ್ತೆಲ್ಲ ಹಾಗೆಯೇ ನಡೆಯಿತು, ಒಂದು ಹುಲಿಗ್ಯೋ, ಒಂದು ಅಯ್ಯಯ್ಯೋ. ನನ್ನ ಕಾಲಿಗೂ ಕಲ್ಲು ಚುಚ್ಚಿ ಕಣ್ಣಲ್ಲಿ ನೀರು ಬಂತು, ಬಾಯಿ ಬಿಡುವಂತಿರಲಿಲ್ಲ. ಅರ್ಧಕ್ಕೆ ಬರುವ ಹೊತ್ತಿಗೆ ಮಾವನವರು ಅಯ್ಯಯ್ಯೋ ಬಿಟ್ಟರು. ಬಗ್ಗಿ ಒಂದು ಕಡೆ ಮಣ್ಣು ಕೆರೆದು ನೋಡಿದರು. ಬೆರಳು ಹೋಗುವಷ್ಟರಲ್ಲೇ ಬಂಡೆ ಹತ್ತಿತು. ಎಷ್ಟೋ ವರ್ಷದಿಂದ ಆ ಹೊಲಕ್ಕೆ ಕಾಲಿಟ್ಟಿರದ ಅವರಿಗೆ, ಕೆಳಗಿನಿಂದ ನೋಡುವಾಗ ಇದು ಕಂಡಿರಲಿಲ್ಲ.

ಇಳಿದು ಬಂದವರು ಎತ್ತಿನ ಹತ್ತಿರ ಕೂತು ಅಂಗಾಲು ನೋಡಿಕೊಂಡರು. ಕಾಕಾಗೆ ಮಾತು ತಿರುಗಿ ಬಂದಿತ್ತು. "ಎತ್ತಪ್ಪಾ, ಒಂದು ಸುತ್ತಿಗೇ ಇವಾ ಹಿಂಗಾದ. ನಾ ದಿನಾ ಅದ್ರಾಗೇ ಅಡ್ಡಾಡತೀನಿ ಅಂತ ಹೇಳು" ಎಂದರು. ಮಾವನವರು ಅಂಗಾಲಿನ ಮಣ್ಣು ಒರೆಸಿಕೊಂಡರು. ಎತ್ತಿನ ಕೊರಳು ತುರಿಸುತ್ತ ಕೊನೆಗೆ, "ಬ್ಯಾಸಗಿಗಿ ಬುಟ್ಟಿ ತಗೊಂಡ್ ಬಾ ಅಂತ ಹೇಳೋ ಅವಗ" ಎಂದರು. ಕಾಕು ಅಲ್ಲೇ ನೆಲಕ್ಕೆ ಹಣೆ ಮುಟ್ಟಿಸಿದರು.

ಆ ಬೇಸಿಗೆಯಿಂದ ಮಣ್ಣು ಏರತೊಡಗಿತು. ಕಾಕಾ, ಕಾಕು, ನಮ್ಮವರು, ನಾನು ಎಲ್ಲರೂ ಹೊತ್ತೆವು. ಮಾವನವರು ಹೊರಲಿಲ್ಲ, ನಮ್ಮ ಮಣ್ಣು ಒಂದು ಹಿಡಿಯೂ ಹೋಗಬಾರದೆಂದು ಕಾವಲು ನಿಂತರು. ಯಾವ ಮಣ್ಣು ಯಾರದು ಎಂದು ಬೆರಳಲ್ಲಿ ತಿಕ್ಕಿ ಹೇಳುತ್ತಿದ್ದರು, ಕಾಕಾ ಮೂಸಿ ನೋಡಿ ಅಲ್ಲವೆನ್ನುತ್ತಿದ್ದರು. ಮಳೆಗಾಲಕ್ಕೆ ಅದು ಮತ್ತೆ ಇಳಿಯಿತು, ಮತ್ತೆ ಏರಿಸಿದೆವು. ನಾವು ಕೆಲಸಕ್ಕೆಂದು ಸೇಡಂಗೆ ಬಂದ ಮೇಲೂ ಬೇಸಿಗೆಯ ರಜೆಯಲ್ಲಿ ಹೋಗಿ ಏರಿಸಿದೆವು. ಇಷ್ಟಾದರೂ ಇಬ್ಬರೂ ನೇರ ಮಾತಾಡಲಿಲ್ಲ. ಎತ್ತಿನ ಮುಂದೆಯೇ ಕಷ್ಟ ಸುಖ, ಎತ್ತಿನ ಮುಂದೆಯೇ ತಂಬಾಕು ಕೇಳುವುದು...

ಕಾಕಾ ಹೋದದ್ದು ಒಂದು ಮಳೆಗಾಲದ ಕೊನೆಗೆ, ಏರಿಸಿದ ಮಣ್ಣೆಲ್ಲ ಮತ್ತೆ ಇಳಿದ ಮೇಲೆ. ಸುದ್ದಿ ತಿಳಿದು ನಾವು ಗುಡ್ಡ ಏರಿದೆವು. ನಮ್ಮ ಜನರಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಕೂರಿಸಿ ಮಣ್ಣು ಮಾಡುತ್ತಾರೆ. ಊರಿನ ಗಂಡಸರು ಮೇಲಿನ ಹೊಲದಲ್ಲಿ ಕುಣಿ ತೋಡಲು ಶುರು ಮಾಡಿದರೆ ಸ್ವಲ್ಪಕ್ಕೇ ಬಂಡೆ. ಬೇರೆ ಕಡೆ ತೋಡಿದರು, ಅಲ್ಲೂ ಬಂಡೆ. ಗುದ್ದಲಿ ಕಲ್ಲಿಗೆ ಬಡಿಯುವ ಸದ್ದಿಗೆ ಕಾಕು ಕಿವಿ ಮುಚ್ಚಿಕೊಂಡು ಕೂತಿದ್ದರು. ಕಾಕಾಗೆ ತಮ್ಮ ಹೊಲದಲ್ಲೇ ಕೂರಲು ಮಣ್ಣಿಲ್ಲದ ಹಾಗಾಗಿತ್ತು.

ಮಾವನವರು ಯಾರದೋ ಕೈಯಿಂದ ಗುದ್ದಲಿ ಕಸಿದುಕೊಂಡು ಕೆಳಗಿಳಿದರು. ನಮ್ಮ ಹೊಲದ ಮೂಲೆಯಲ್ಲಿ, ಬದು ಒಡೆದು ಮಣ್ಣು ಬಂದು ಗುಪ್ಪೆಯಾಗುವ ಜಾಗದಲ್ಲಿ, ತಾವೇ ತೋಡತೊಡಗಿದರು. "ನಿಮ್ಮ ಹೊಲದಾಗ ಹೆಂಗ್ರಿ?" ಎಂದು ಯಾರೋ ಕೇಳಿದರು. "ಮಣ್ಣು ಅವಂದೇ ಅದ" ಎಂದರು ಮಾವನವರು, ತಲೆ ಎತ್ತಲಿಲ್ಲ. ಗುದ್ದಲಿ ಸಲೀಸಾಗಿ ಇಳಿಯಿತು. ನಮ್ಮ ಪದ್ಧತಿಯಂತೆ ಕಾಕಾನನ್ನು ಕೂರಿಸಿ, ವಿಭೂತಿ ಇಟ್ಟರು. ಮೊದಲ ಹಿಡಿ ಮಣ್ಣು ಹಾಕುವಾಗ ಮಾವನವರು ಬಗ್ಗಿ ಮೆಲ್ಲಗೆ ಮಾತಾಡಿದ್ದು ಬದುವಿನ ಮೇಲಿದ್ದ ನಮಗೂ ಕೇಳಿತು.

"ಕುಂದರಪ್ಪಾ. ಇನ್ನ ಜಾರೂದಿಲ್ಲ."

ಅಷ್ಟು ವರ್ಷಗಳಲ್ಲಿ ಅವರು ಕಾಕಾಗೆ ನೇರವಾಗಿ ಆಡಿದ ಮಾತು ನಾನು ಕೇಳಿದ್ದು ಅದೊಂದೇ.

ಈಗ ಭಜ್ಜಿಯ ತಳ ಕೆರೆದು ಇನ್ನೊಂದು ಪಾತ್ರೆಗೆ ಹಾಕಿದ್ದೇನೆ. ಸ್ವಲ್ಪ ಸುಟ್ಟ ವಾಸನೆ ಇದೆ, ಹೊಲಕ್ಕೆ ನಡೆಯುತ್ತದೆ. ಆಗಲೇ ಊರಿನಿಂದ ಮಾವನವರ ಫೋನು ಬಂತು. ಚರಗಕ್ಕೆ ಜಾಸ್ತಿ ಮಾಡಿಕೊಂಡು ಬರಬೇಕಂತೆ, ಮೇಲಿನ ಹೊಲಕ್ಕೂ ತಾವೇ ಚೆಲ್ಲಬೇಕಲ್ಲ ಎಂದರು. ಕಾಲು ಹೇಗಿದೆ, ಏರಲಿಕ್ಕೆ ಆಗುತ್ತದೆಯೇ ಎಂದು ಕೇಳಿದೆ. "ಏರತೀನವ್ವಾ. ಆದ್ರ ಜಗಳಾಡಲಾಕ ಯಾರೂ ಇಲ್ಲ, ಭಾಳ ಬ್ಯಾಸರಾಗ್ತದ" ಎಂದು ಅವರೇ ಫೋನು ಇಟ್ಟರು.