ಪಪ್ಪನ ಸಾವಿನ ತಾಲೀಮು

ನನ್ನ ಪಪ್ಪ ತಮ್ಮ ಅಂತ್ಯಕ್ರಿಯೆಯ ತಾಲೀಮು ಶುರುಮಾಡಿದ್ದು ಹುಬ್ಬಳ್ಳಿಯ ಡಾಕ್ಟರು ಹೃದಯದ ಆಪರೇಷನ್ನಿಗೆ ದಿನ ಗೊತ್ತುಮಾಡಿದ ಮೇಲೆ. ಯಲ್ಲಾಪುರದ ನಮ್ಮ ಚರ್ಚಿನ ಹಾಡಿನ ತಂಡಕ್ಕೆ ಅವರೇ ಯಜಮಾನರು. ಊರಿನ ಎಷ್ಟೋ ಜನರನ್ನು ಹಾಡಿ ಮಣ್ಣಿಗೆ ಕಳಿಸಿದವರು.

"ನಾನು ಪೆಟ್ಟಿಗೆಯಲ್ಲಿ ಮಲಗಿದ್ಮೇಲೆ ನೀವು ಅಪಸ್ವರ ತೆಗೆದ್ರೆ ಎದ್ದು ತಿದ್ದೋಕಾಗ್ತದಾ?" ಎನ್ನುವುದು ಅವರ ವಾದ. ವಾದದಲ್ಲಿ ಹುರುಳಿತ್ತು.

ಸಂಜೆಯಾದರೆ ಪಪ್ಪ ಬಿಳಿ ಅಂಗಿ ತೊಟ್ಟು, ಜಪಮಾಲೆ ಸುತ್ತಿದ ಕೈಗಳನ್ನು ಎದೆಯ ಮೇಲಿಟ್ಟುಕೊಂಡು ಜಗುಲಿಯ ಬೆಂಚಿನ ಮೇಲೆ ಮಲಗುವರು. ತಲೆಯ ಹತ್ತಿರ ಮೇಣದ ಬತ್ತಿ. ಅಮ್ಮ, ನಾನು, ತಂಡದ ಇಬ್ಬರು ಹೆಂಗಸರು ಸುತ್ತ ನಿಂತು ಮಣ್ಣು ಮಾಡುವಾಗಿನ ಹಾಡು ಹಾಡಬೇಕು. ಮೊದಲ ಸಾಲು ಎತ್ತಿಕೊಡುವುದು ಮಗಳಾದ ನನ್ನ ಕೆಲಸ. ನನ್ನ ಗಂಟಲೋ, ದೇವರಿಗೇ ಪ್ರೀತಿ. ನಾನು ಬಾಯಿ ತೆರೆದರೆ ಸಾಕು, ಹೆಣ ದಡಕ್ಕನೆ ಎದ್ದು ಕೂತು "ಶ್ರುತಿ! ಶ್ರುತಿ!" ಎಂದು ಕೂಗಿ, ಮತ್ತೆ ಮಲಗಿ ಸಾಯುತ್ತಿತ್ತು.

ನನಗೆ ರೇಗುತ್ತಿತ್ತು. ಒಳಗಿದ್ದದ್ದು ಹೆದರಿಕೆಯೇ. ಪಪ್ಪ ಹುಬ್ಬಳ್ಳಿಯಿಂದ ವಾಪಸ್ ಬರದಿದ್ದರೆ? ಸತ್ತವರು ಮತ್ತೆ ಏಳುತ್ತಾರೆ ಎಂದು ಆ ಹಾಡು ಹೇಳುತ್ತದೆ. ಪಪ್ಪ ಅದನ್ನು ನಂಬಿ ಹಾಡುತ್ತಾರೋ, ಬರೀ ರಾಗದ ಮೋಹಕ್ಕೋ, ನನಗೆ ತಿಳಿಯದು. ನನ್ನ ನಂಬಿಕೆಯಂತೂ ಅರೆಬೆಂದದ್ದು. ಆಫೀಸಿನಲ್ಲಿ ಕ್ರಿಶ್ಚಿಯನ್ ಎಂದರೆ "ಹಂಗಾದ್ರೆ ಮನೇಲಿ ಕೊಂಕಣಿನಾ?" ಎನ್ನುತ್ತಾರೆ. ಅಲ್ಲ, ಕನ್ನಡವೇ ಎಂದರೆ "ಮತ್ತೆ ಎಂತದು ನೀವು?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಎಂತದು ಎಂದು ನನಗೂ ಗೊತ್ತಿದ್ದರೆ ತಾನೇ ಹೇಳುವುದು!

ಒಂದು ಸಂಜೆ ಪಕ್ಕದ ಮನೆಯ ಹವ್ಯಕ ಮೇಷ್ಟ್ರು ಬಟ್ಟಲಲ್ಲಿ ಪತ್ರೊಡೆ ಹಿಡಿದು ಬಂದರು. ಮೇಣದ ಬತ್ತಿ, ಮಲಗಿದ ಪಪ್ಪ, ಹಾಡುವ ನಾವು. ಅಷ್ಟು ನೋಡಿದ್ದೇ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಓಡಿದರು. ಸಾವಿನ ಮನೆಗೆ ಹೋದವರು ಮೀಯುವುದು ಅವರಲ್ಲಿ ಪದ್ಧತಿ, ಆದರೆ ಅದು ಎಲ್ಲ ಮುಗಿದ ಮೇಲೆ. ಮೇಷ್ಟ್ರು ಗಾಬರಿಯಲ್ಲಿ ಮೊದಲೇ ನಾಲ್ಕು ಕೊಡ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಅಳುತ್ತ ವಾಪಸ್ ಬಂದರು. ಅಷ್ಟರಲ್ಲಿ ಪಪ್ಪ ಎದ್ದು ಕೂತು ಚಹಾ ಕುಡಿಯುತ್ತಿದ್ದರು.

"ಅಯ್ಯೋ ರಾಮ! ಆನು ಸುಮ್‌ಸುಮ್ನೆ ಮಿಂದ್ಕಂಡು ಬಂಜಿ!" ಸುಮ್ಮನೆ ಮಿಂದು ಬಂದೆನಲ್ಲ ಎಂದು ಮೇಷ್ಟ್ರು ಗಾಬರಿಯಲ್ಲಿ ಹವ್ಯಕರ ಮನೆಮಾತಿಗೇ ಇಳಿದಿದ್ದರು.

ಪಪ್ಪ ತಾಲೀಮಿನ ವಿಷಯ ಹೇಳಿ ಸಮಾಧಾನ ಮಾಡಿದರು. "ಕಡೇ ದಿನ ನಾವೆಲ್ಲ ಹೀಗೇ ಎದ್ದು ಬರೋದು ಮೇಷ್ಟ್ರೇ."

"ಬರುವಾ, ಬೇಡ ಅನ್ನೋದಿಲ್ಲ. ಒಂದು ಮಾತು ಮುಂಚೆ ಹೇಳಿ ಸಾಯಿರಿ ಮಾರಾಯ್ರೆ," ಎಂದು ಮೇಷ್ಟ್ರು ನಡುಗುತ್ತಲೇ ತಾವು ತಂದ ಪತ್ರೊಡೆಯನ್ನು ತಾವೇ ತಿನ್ನತೊಡಗಿದರು.

ಆಪರೇಷನ್ನಿಗೆ ಹೊರಟ ದಿನ ದಾರಿಯಲ್ಲಿ ಕಿರವತ್ತಿ ದಾಟುವವರೆಗೂ ಪಪ್ಪನ ಬಾಯಿಗೆ ಬಿಡುವಿರಲಿಲ್ಲ. ಥಿಯೇಟರಿನ ಬಾಗಿಲಲ್ಲಿ ಸ್ಟ್ರೆಚರ್ ಮೇಲಿಂದ ನನ್ನ ಕೈ ಹಿಡಿದರು.

"ಹೆದರಿಕೆ ಆಗ್ತದೆ ಮಗಾ. ಹಾಡು."

ಆಸ್ಪತ್ರೆಯ ಆ ಕಾರಿಡಾರಿನಲ್ಲಿ, ಕಾಯುತ್ತಿದ್ದ ಅಷ್ಟೂ ಜನರ ಎದುರು ಹಾಡಿದೆ. ರಾಗ ಧಾರವಾಡದ ಕಡೆ ಹೋಯಿತು, ನಾನು ಕಾರವಾರದ ಕಡೆ. ನಾಚಿಕೆಯೇ ಆಗಲಿಲ್ಲ. ಬಾಗಿಲು ಮುಚ್ಚಿದ ಮೇಲೂ ಹಾಡುತ್ತಲೇ ಇದ್ದೆ. ಆ ಮಾತುಗಳು ನಿಜವಾಗಲಿ ಎಂದು ಅಷ್ಟು ಆಸೆಪಟ್ಟದ್ದು ಅದೇ ಮೊದಲು.

ಮಾರನೆಯ ದಿನ ಪಪ್ಪನಿಗೆ ಎಚ್ಚರವಾಯಿತು. ಬಿಳಿ ಗೋಡೆ, ಬಿಳಿ ದೀಪ, ಬಿಳಿ ಉಡುಪಿನ ನರ್ಸಮ್ಮ. ಎಲ್ಲವನ್ನೂ ನಿಧಾನವಾಗಿ ನೋಡಿದರು. ಮುಖ ಅರಳಿತು. ಆಮೇಲೆ ನಾನು ಕಣ್ಣಿಗೆ ಬಿದ್ದೆ.

"ಎಲ್ಲಿದ್ದೇನೆ?"

"ಹುಬ್ಬಳ್ಳಿಯಲ್ಲಿ, ಪಪ್ಪ."

"ಹುಬ್ಬಳ್ಳಿಯಾ?"

ಬಸ್ಸಿನಲ್ಲಿ ನಿದ್ದೆಹೋಗಿ ಬೇರೆ ಊರಲ್ಲಿ ಇಳಿದವರ ಹಾಗೆ ಮುಖ ಇಳಿಬಿಟ್ಟರು. ನಾನು ನಕ್ಕೆ, ನರ್ಸಮ್ಮ ಬೈದರು, ನಗುತ್ತಲೇ ಅತ್ತುಬಿಟ್ಟೆ. ಪಪ್ಪ ಆ ಹಾಡನ್ನು ನಂಬಿ, ಸ್ವರ್ಗದಲ್ಲಿ ಏಳುತ್ತೇನೆಂದೇ ಕಣ್ಣು ಮುಚ್ಚಿದ್ದರು. ನನಗೂ ಹೋಗಬೇಕಾದದ್ದು ಅಲ್ಲಿಗೇ ಎಂದು ಆಗ ಗೊತ್ತಾಯಿತು.