ಅಪ್ಪ ನುಂಗುವವರೆಗೆ

ಬುಧವಾರ ಮತ್ತು ಶುಕ್ರವಾರ ನಮ್ಮ ಮನೆಯಲ್ಲಿ ಸ್ಟೇಕ್. ಮಂಗಳವಾರ ಬೇಡವೆಂದು ಬಿಟ್ಟದ್ದು ಅಕ್ಕಪಕ್ಕದವರಿಗಾಗಿ. ರಾಜಧಾನಿಯ ಮಯೂರ್ ವಿಹಾರ್‌ನ ನಮ್ಮ ಸೊಸೈಟಿಯಲ್ಲಿ ಅರ್ಧಕ್ಕರ್ಧ ಮನೆಯವರು ಅಂದು ಮೊಟ್ಟೆ ಕೂಡ ಮುಟ್ಟುವುದಿಲ್ಲ, ಆ ದಿನವೇ ಹಂದಿಮಾಂಸದ ಘಮ ಹಬ್ಬಿಸಿ ಅವರ ಬಾಯಿಗೆ ಯಾಕೆ ಬೀಳಬೇಕು. ಆಫೀಸು ಮುಗಿಸಿ, ಮೆಟ್ರೋ ಇಳಿದು ಬಂದು, ಮುಖ ತೊಳೆದು ಒಲೆ ಹಚ್ಚಿದರೆ ಅರ್ಧ ಗಂಟೆಯಲ್ಲಿ ಊಟ ಮೇಜಿನ ಮೇಲಿರುತ್ತದೆ. ಮಾಂಸ, ತರಕಾರಿ, ಗ್ರೇವಿ ಎಲ್ಲ ಒಂದೇ ಬಾಣಲೆಯಲ್ಲಿ. ತೊಳೆಯುವುದಕ್ಕೂ ಅದೊಂದೇ. ಎಷ್ಟು ಸುಲಭ ಎಂದು ಆಫೀಸಿನವರು ಹೊಟ್ಟೆ ಉರಿದುಕೊಳ್ಳುತ್ತಾರೆ. ಸುಲಭವೇ. ಆದರೆ ರುಚಿ ಹೇಗಿರುತ್ತದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಊಟದ ಹೊತ್ತಿನಲ್ಲಿ ನಾನು ನನ್ನ ತಟ್ಟೆ ನೋಡುವುದಿಲ್ಲ. ಎದುರಿಗೆ ಕೂತ ಅಪ್ಪನ ಗಂಟಲು ನೋಡುತ್ತಿರುತ್ತೇನೆ.

ಅಪ್ಪ ಕೊಡಗಿನ ಕಡೆಯವರು, ಸೈನ್ಯದಲ್ಲಿದ್ದು ನಿವೃತ್ತರಾದವರು. ಅಮ್ಮ ಮೈಸೂರಿನವಳಾದ್ದರಿಂದ ಮನೆಯ ಮಾತು ಕನ್ನಡವೇ ಆಯಿತು. ಅಮ್ಮ ತೀರಿಕೊಂಡ ಮೇಲೆ ಅವರು ನಮ್ಮ ಜೊತೆಗೇ ಇದ್ದಾರೆ. ನನ್ನ ಗಂಡನೂ ಸೈನ್ಯದವರೇ, ಗಡಿಯ ಕಡೆ ಪೋಸ್ಟಿಂಗ್. ಹಾಗಾಗಿ ಮನೆಯಲ್ಲಿ ಇರುವುದು ಅಪ್ಪ, ನಾನು, ಹನ್ನೊಂದನೇ ಕ್ಲಾಸಿನ ಮಗಳು. ಅಪ್ಪನಿಗೆ ಸ್ಟ್ರೋಕ್ ಆದಾಗ ನಾವು ಹೆದರಿದ್ದು ಅವರ ನಡಿಗೆಯ ಬಗ್ಗೆ, ಮಾತಿನ ಬಗ್ಗೆ. ಎರಡು ತಿಂಗಳಲ್ಲಿ ಎರಡೂ ಮರಳಿದವು. ಬಲಗೈ ಸ್ವಲ್ಪ ಸೋತಿತು. ಪೂರ್ತಿ ಮರಳದೆ ಉಳಿದದ್ದು ನುಂಗುವುದು.

ನುಂಗುವುದನ್ನು ಕೂಡ ಒಬ್ಬರು ಬಂದು ಕಲಿಸಬೇಕಾಗುತ್ತದೆ ಎಂದು ನನಗೆ ತಿಳಿದದ್ದೇ ಆಗ. ವಾರಕ್ಕೆರಡು ಸಲ ಬರುತ್ತಿದ್ದ ಥೆರಪಿಸ್ಟ್ ಹೆಂಗಸು ಅಪ್ಪನನ್ನು ನೆಟ್ಟಗೆ ಕೂರಿಸಿ, ಗಲ್ಲ ಕೆಳಗೆ ಮಾಡಿಸಿ, ಒಂದೊಂದು ಚಮಚವಾಗಿ ನುಂಗಿಸುತ್ತಿದ್ದರು. ಹೊರಡುವಾಗ ನನ್ನನ್ನು ಬಾಗಿಲ ಹೊರಗೆ ಕರೆದು, ಗಂಟಲಿಗೆ ಸಿಕ್ಕಿಕೊಂಡರೆ ಬೆನ್ನಿಗೆ ಹೇಗೆ ಹೊಡೆಯಬೇಕು, ಹೊಟ್ಟೆಯನ್ನು ಹೇಗೆ ಒತ್ತಬೇಕು ಎಂದು ನನ್ನ ಮೈ ಮೇಲೇ ತೋರಿಸಿಕೊಟ್ಟರು. ಕೆಮ್ಮಿದರೆ ಹೆದರಬೇಡಿ, ಕೆಮ್ಮುತ್ತಿದ್ದಾರೆ ಎಂದರೆ ಉಸಿರು ಓಡಾಡುತ್ತಿದೆ ಎಂದರ್ಥ, ಸದ್ದಿಲ್ಲದಿದ್ದರೆ ಹೆದರಿ ಎಂದರು. ಇನ್ನೊಂದು ಮಾತನ್ನೂ ಹೇಳಿದರು. ಗಂಟಲಿಗೆ ಸಿಕ್ಕಿಕೊಂಡ ಎಷ್ಟೋ ಜನ ನಾಚಿಕೆಯಿಂದ ಊಟದ ಮೇಜು ಬಿಟ್ಟು ಎದ್ದು ಹೋಗುತ್ತಾರಂತೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರಂತೆ. ಒಬ್ಬರನ್ನೇ ಹೋಗಲು ಬಿಡಬೇಡಿ ಎಂದರು.

ಅವರು ನಮ್ಮ ಅಪ್ಪನನ್ನೇ ವರ್ಣಿಸುತ್ತಿದ್ದರು. ಅಪ್ಪ ಮೂವತ್ತು ವರ್ಷ ಸೈನ್ಯದ ಮೆಸ್ಸಿನಲ್ಲಿ ಉಂಡವರು. ಅಲ್ಲಿ ಮೇಜಿನ ಮೇಲೆ ಕೆಮ್ಮುವುದೆಂದರೆ ಅಂಗಿ ಬಿಚ್ಚಿ ಕೂತಷ್ಟೇ ಅಸಹ್ಯ. ಕೆಮ್ಮು ಬಂದರೆ ನ್ಯಾಪ್ಕಿನ್ ಬಾಯಿಗೆ ಹಿಡಿದು, ಪಕ್ಕದವರಿಗೆ ತಲೆಬಾಗಿ, ಹೊರಗೆ ಹೋಗಿ, ಎಲ್ಲ ಮುಗಿಸಿಕೊಂಡು ಏನೂ ಆಗದವರಂತೆ ಬಂದು ಕೂರಬೇಕು. ಎದ್ದವನತ್ತ ಉಳಿದವರು ನೋಡಲೂ ಬಾರದು. ನನಗೆ ಆರು ವರ್ಷವಿದ್ದಾಗ ಮೀನಿನ ಮುಳ್ಳು ಸಿಕ್ಕಿಕೊಂಡು ನಾನು ಮೇಜಿನ ಮೇಲೇ ಕಕ್ಕಿದ್ದೆ. ಅಪ್ಪ ಬೈಯಲಿಲ್ಲ. "ಮುಂದಿನ ಸಲ ಎದ್ದು ಹೋಗಬೇಕು ಮಗಾ," ಎಂದು ಮೆಲ್ಲಗೆ ಹೇಳಿದರು. ಅದು ಬೈಗುಳಕ್ಕಿಂತ ಚೆನ್ನಾಗಿ ನಾಟಿತು. ಅದನ್ನೇ ನಾನು ನನ್ನ ಮಗಳಿಗೂ ಕಲಿಸಿದೆ. ನಮ್ಮ ಮನೆಯಲ್ಲಿ ಊಟದ ನಡುವೆ ಯಾರಾದರೂ ಎದ್ದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ.

ಥೆರಪಿಯ ಮೊದಲ ಮೂರು ವಾರ ಮೆತ್ತಗಿನ ಖಿಚಡಿ ಕೊಟ್ಟೆ. ಅಪ್ಪ ಮಾತಿಲ್ಲದೆ ತಿಂದರು. ನಾಲ್ಕನೇ ವಾರ ಚಮಚ ಕೆಳಗಿಟ್ಟರು. ಹಠವೆಂದುಕೊಂಡೆ. ಆದರೆ ದಿನಕ್ಕೆ ಎರಡು ತುತ್ತಿನ ಮೇಲೆ ಇಳಿಯಲಿಲ್ಲ, ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. "ನೀವು ಇಬ್ಬರು ಒಂದು ತಿನ್ನುತ್ತೀರಿ, ನನಗೆ ಇನ್ನೊಂದು ಬಡಿಸುತ್ತೀಯ. ನಾನೇನು ಆಸ್ಪತ್ರೆಯಲ್ಲಿ ಇದ್ದೀನಾ?" ಎಂದರು. ಏನು ಬೇಕು ಎಂದರೆ ಸ್ಟೇಕ್ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಗಂಜಿ ಇಳಿಯದ ಗಂಟಲಿಗೆ ಸ್ಟೇಕ್ ಬೇಕಂತೆ. ಥೆರಪಿಸ್ಟ್‌ಗೆ ಹೇಳಿದೆ, ಅವರು ಬೈಯುತ್ತಾರೆಂದು. ಅವರು ಒಂದು ಗಳಿಗೆ ಯೋಚಿಸಿ, ಉಪವಾಸ ಬಿದ್ದರೂ ಹೋಗುತ್ತಾರೆ, ಬೆಣ್ಣೆಯ ಹಾಗೆ ಮೆತ್ತಗೆ ಮಾಡಿ ಸಣ್ಣಗೆ ಕತ್ತರಿಸಿ ಕೊಟ್ಟು ನೋಡಿ, ಆದರೆ ನೀವು ಎದುರಿಗೇ ಕೂತಿರಬೇಕು ಎಂದರು. ಕೊಟ್ಟರೆ ಗಂಟಲಲ್ಲಿ ಸಿಕ್ಕೀತು, ಕೊಡದಿದ್ದರೆ ಅಪ್ಪ ಸೊರಗಿಯೇ ಹೋದಾರು. ಎರಡು ಭಯಗಳ ನಡುವೆ ನಾನು ಬಾಣಲೆ ಹಿಡಿದೆ.

ಭಾನುವಾರ ಮಾರ್ಕೆಟ್ಟಿಗೆ ಹೋಗಿ ಹಂದಿಯ ಮೆತ್ತನೆಯ ಭಾಗ ತರುತ್ತಿದ್ದೆ. ಇನ್ನೂ ತೆಳ್ಳಗೆ ಕತ್ತರಿಸಿ ಭಯ್ಯಾ ಎಂದರೆ ಅಂಗಡಿಯವನಿಗೆ ನಗು. "ಮೇಡಂ, ಇಷ್ಟು ಪತಲಾ ಆದರೆ ಸ್ಟೇಕ್ ಎಲ್ಲಿ, ಪಾಪಡ್ ಆಯಿತು," ಎಂದು ಹಿಂದಿಯಲ್ಲಿ ಗೊಣಗುತ್ತಿದ್ದ. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಅರೆದ ಪರಂಗಿಕಾಯಿ, ಶುಂಠಿ, ಮೆಣಸು ಸವರಿ ಫ್ರಿಜ್ಜಿನಲ್ಲಿಡುವುದು. ಸಂಜೆ ಬೀಡುಕಬ್ಬಿಣದ ಬಾಣಲೆಯನ್ನು ಹೊಗೆಯಾಡುವಷ್ಟು ಕಾಯಿಸಿ ಎರಡೂ ಬದಿ ಕೆಂಪಗೆ ಬಾಡಿಸಿ ತೆಗೆದಿಡುವುದು. ಅದೇ ಕೊಬ್ಬಿನಲ್ಲಿ ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಬೀನ್ಸ್. ಸ್ವಲ್ಪ ನೀರು ಚಿಮುಕಿಸಿ ಮುಚ್ಚಳ. ಆಲೂಗಡ್ಡೆ ಬೆಂದ ಮೇಲೆ ಎರಡು ಹೋಳನ್ನು ಸೌಟಿನಲ್ಲಿ ಹಿಸುಕಿದರೆ ಗ್ರೇವಿ ಗಟ್ಟಿಯಾಗುತ್ತದೆ, ನೀರಿನ ಹಾಗೆ ಉಸಿರಿನ ದಾರಿಗೆ ನುಗ್ಗದೆ ಗಂಟಲಲ್ಲಿ ನಿಧಾನವಾಗಿ ಇಳಿಯುತ್ತದೆ. ಮಾಂಸವನ್ನು ಮತ್ತೆ ಒಳಗಿಟ್ಟು, ಕೊಡಗಿನಿಂದ ಬಾಟಲಿಯಲ್ಲಿ ಬರುವ ಕಪ್ಪು ಹುಳಿ, ನಮ್ಮವರು ಕಾಚಂಪುಳಿ ಎನ್ನುವುದು, ನಾಲ್ಕು ತೊಟ್ಟು. ಅಷ್ಟೇ.

ಇನ್ನೊಂದು ಫಜೀತಿ ಇತ್ತು. ಕತ್ತರಿಸಿ ತಂದರೆ ಅಪ್ಪ ಮುಟ್ಟುವುದಿಲ್ಲ. ಸ್ಟೇಕ್ ಇಡಿಯಾಗಿ ತಟ್ಟೆಗೆ ಬರಬೇಕು, ಚಾಕು ಫೋರ್ಕು ಹಿಡಿದು ತಾವೇ ಕತ್ತರಿಸಬೇಕು. ಹಾಗಾಗಿ ಅಡುಗೆಮನೆಯಲ್ಲೇ ಎಳೆಗೆ ಅಡ್ಡವಾಗಿ ಸಣ್ಣಸಣ್ಣಗೆ ಕತ್ತರಿಸಿ, ಚೂರುಗಳನ್ನು ಮತ್ತೆ ಒತ್ತಿ ಜೋಡಿಸಿ, ಮೇಲೆ ಗ್ರೇವಿ ಹೊದಿಸಿ ಇಡಿಯ ಸ್ಟೇಕಿನ ಹಾಗೆ ಕಾಣುವಂತೆ ಮಾಡಿ ತರುತ್ತಿದ್ದೆ. ಮೊದಲ ದಿನವೇ ಅಪ್ಪ ಚಾಕು ಇಟ್ಟ ಕೂಡಲೇ ಅದು ಬಿಡಿಬಿಡಿಯಾಯಿತು. ಅವರು ತಲೆ ಎತ್ತಲಿಲ್ಲ. "ಚಾಕು ಭಾರಿ ಹರಿತವಾಗಿದೆ," ಎಂದು ಮೊಮ್ಮಗಳಿಗೆ ಹೇಳಿ ತಿನ್ನತೊಡಗಿದರು. ಅಂದು ಅವರು ಅರ್ಧ ತಟ್ಟೆ ಖಾಲಿ ಮಾಡಿದರು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಅಲ್ಲಿಂದ ಶುರುವಾದದ್ದು ನನ್ನ ಕಾವಲು. ಒಂದು ತುತ್ತು ಬಾಯಿಗೆ ಹೋಯಿತೆಂದರೆ ಅದು ಇಳಿಯುವವರೆಗೆ ನನ್ನ ಉಸಿರು ನಿಂತಿರುತ್ತಿತ್ತು. ಗಂಟಲಿನ ಉಬ್ಬು ಮೇಲೇರಿ ಕೆಳಗಿಳಿದರೆ ನಾನೂ ಉಸಿರು ಬಿಡುತ್ತಿದ್ದೆ. "ನುಂಗಿದಿರಾ?" ಎಂದು ಕೇಳುತ್ತಿದ್ದೆ. "ನೀನು ನುಂಗು ಮೊದಲು," ಎನ್ನುತ್ತಿದ್ದರು. ಒಂದು ರಜಾದಿನ ಸ್ಕ್ರೂಡ್ರೈವರ್ ಹಿಡಿದು ಬಚ್ಚಲ ಬಾಗಿಲಿನ ಚಿಲಕವನ್ನೇ ಬಿಚ್ಚಿ ಹಾಕಿದೆ. ಚಿಲಕ ಏನಾಯಿತು ಎಂದು ಅಪ್ಪ ಕೇಳಿದಾಗ ಮುರಿದಿದೆ, ಬಡಗಿ ಬರಬೇಕು ಎಂದೆ. ಬಡಗಿ ಬರಲೇ ಇಲ್ಲ, ಅಪ್ಪ ಮತ್ತೆ ಕೇಳಲೂ ಇಲ್ಲ. "ಅಪ್ಪ, ಸಿಕ್ಕಿಕೊಂಡರೆ ಎದ್ದು ಹೋಗಬೇಡಿ. ಇಲ್ಲೇ ಕೆಮ್ಮಿ. ಮೇಜು ಬಡಿಯಿರಿ. ನನ್ನನ್ನು ಹಿಡಿದು ಎಳೆಯಿರಿ," ಎಂದು ಪ್ರತಿ ಊಟಕ್ಕೂ ಮಂತ್ರದ ಹಾಗೆ ಹೇಳುತ್ತಿದ್ದೆ. ಮಗಳಿಗೆ ಬೇಸರ ಬಂದುಹೋಗಿತ್ತು. "ಅಮ್ಮಾ, ಬಸ್ ಕರೋ ನಾ, ಸಾಕು ಮಾಡು. ತಾತನಿಗೆ ಭಯ ಮಾಡ್ತಿದ್ದೀಯ ನೀನು," ಎನ್ನುತ್ತಿದ್ದಳು. ಅವಳ ಮಾತು ನಿಜವಿತ್ತು. ನನಗೆ ನಿಲ್ಲಿಸಲು ಆಗುತ್ತಿರಲಿಲ್ಲ.

ನವೆಂಬರ್ ಬಂದಾಗ ಭಯ ದುಪ್ಪಟ್ಟಾಯಿತು. ಹೊಗೆ ಕವಿದು ಎದುರಿನ ಬ್ಲಾಕು ಕಾಣದಾದ ದಿನಗಳಲ್ಲಿ ಊರಿಗೆ ಊರೇ ಕೆಮ್ಮುತ್ತದೆ. ಲಿಫ್ಟಿನಲ್ಲಿ, ಮೆಟ್ರೋದಲ್ಲಿ, ಮೇಲಿನ ಮನೆಯಲ್ಲಿ, ನಮ್ಮ ಮೇಜಿನ ಮೇಲೆ. ಅಪ್ಪನ ಯಾವ ಕೆಮ್ಮು ಗಾಳಿಯದು, ಯಾವುದು ಊಟದ್ದು ಎಂದು ತಿಳಿಯುತ್ತಿರಲಿಲ್ಲ. ಅವರು ಅದನ್ನೂ ತಡೆದು ತಡೆದು, ಕಣ್ಣಲ್ಲಿ ನೀರು ತುಂಬಿಕೊಂಡು ಕೂರುತ್ತಿದ್ದರು.

ಆ ಬುಧವಾರ ಮೆಟ್ರೋ ತಡವಾಗಿ, ನಾನು ಮನೆ ಸೇರಿದ್ದು ಏಳೂವರೆಗೆ. ಅಪ್ಪನಿಗೆ ಎಂಟಕ್ಕೆ ಊಟವಾಗಬೇಕು. ಗಡಿಬಿಡಿಯಲ್ಲೇ ಎಲ್ಲ ಮಾಡಿದೆ, ಮಾಂಸವನ್ನು ಮಾತ್ರ ಎಂದಿನಷ್ಟೇ ಸಣ್ಣಗೆ ಕತ್ತರಿಸಿದೆ. ಊಟ ಅರ್ಧವಾಗಿತ್ತು. ಆಫೀಸಿನಿಂದ ಫೋನು ಬಂತು. ಅಂದು ಸಂಜೆ ಕಳಿಸಿದ ಫೈಲಿನಲ್ಲಿ ಏನೋ ತಪ್ಪಿದೆ ಎಂದು ಮೇಲಿನವರು ಕಿಡಿಕಾರುತ್ತಿದ್ದರು. ಮೇಜಿನ ಮೇಲೆ ಫೋನು ಕೂಡದು ಎಂಬುದೂ ಅಪ್ಪನದೇ ನಿಯಮ. ಎದ್ದು ಬಾಲ್ಕನಿಗೆ ಹೋಗಿ ಹೊಗೆ ಒಳಗೆ ಬಾರದಂತೆ ಗಾಜಿನ ಬಾಗಿಲು ಎಳೆದುಕೊಂಡೆ. ಮೂರು ನಾಲ್ಕು ನಿಮಿಷ ಇರಬಹುದು.

ಒಳಗೆ ಬಂದಾಗ ಅಪ್ಪನ ಕುರ್ಚಿ ಖಾಲಿ. ಮಗಳು ತನ್ನ ಪಾಡಿಗೆ ತಿನ್ನುತ್ತಿದ್ದಳು.

"ತಾತ ಎಲ್ಲಿ?"

"ಉಠ್ ಕೇ ಗಯೇ, ಎದ್ದು ಹೋದ್ರು. ವಾಶ್‌ರೂಮ್ ಅನ್ಸುತ್ತೆ."

"ಕೆಮ್ಮಿದರಾ?"

"ಇಲ್ಲ. ನ್ಯಾಪ್ಕಿನ್ ಹಿಡ್ಕೊಂಡಿದ್ರು."

ನಾನು ಓಡಿದೆ. ಬಚ್ಚಲಿಗೆ ಹತ್ತು ಹೆಜ್ಜೆ, ಆ ಹತ್ತು ಹೆಜ್ಜೆಯಲ್ಲಿ ಅಪ್ಪ ಸತ್ತರು ಎಂದು ನನ್ನ ಮನಸ್ಸು ಆಗಲೇ ಹೇಳಿಬಿಟ್ಟಿತ್ತು. ಬಾಗಿಲು ತಳ್ಳಿದೆ. ಅಪ್ಪ ಬೇಸಿನ್ನಿನ ಮುಂದೆ ನೆಟ್ಟಗೆ ನಿಂತಿದ್ದರು. ಒಂದು ಕೈ ಗೋಡೆಯ ಮೇಲೆ, ಇನ್ನೊಂದರಲ್ಲಿ ನ್ಯಾಪ್ಕಿನ್. ಮುಖ ಕಪ್ಪಿಟ್ಟಿತ್ತು, ಗಂಟಲಿನಿಂದ ಬಹಳ ಸಣ್ಣ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ಅವರನ್ನು ಬಗ್ಗಿಸಿ ಬೆನ್ನಿಗೆ ಹೊಡೆದೆ. ನನ್ನ ಅಪ್ಪನನ್ನು ನಾನು ಮುಷ್ಟಿ ಬಿಗಿದು ಹೊಡೆದೆ, ಇನ್ನೂ ಜೋರಾಗಿ ಹೊಡೆದೆ. ಬರಲಿಲ್ಲ. ಹಿಂದಿನಿಂದ ತಬ್ಬಿ ಹೊಟ್ಟೆಯನ್ನು ಒಳಗೂ ಮೇಲಕ್ಕೂ ಎಳೆದೆ. ಎಷ್ಟು ಹಗುರಾಗಿದ್ದಾರೆ ಎನ್ನಿಸಿದ್ದು ನೆನಪಿದೆ. ಮೂರನೇ ಸಲಕ್ಕೆ ಏನೋ ಬೇಸಿನ್ನಿಗೆ ಬಿತ್ತು. ಅಪ್ಪ ಉಸಿರೆಳೆದುಕೊಂಡ ಸದ್ದು ಮನೆಯೆಲ್ಲ ಕೇಳಿಸಿತು.

ಬಿದ್ದದ್ದು ಮಾಂಸವಲ್ಲ, ಬೆರಳುದ್ದದ ಒಂದು ಬೀನ್ಸು. ನಾರು ತೆಗೆಯದ್ದು, ಗಡಿಬಿಡಿಯಲ್ಲಿ ನಾನೇ ಉದ್ದುದ್ದ ಹೆಚ್ಚಿದ್ದು. ತಿಂಗಳುಗಟ್ಟಲೆ ಮಾಂಸದ ಎಳೆ ಲೆಕ್ಕ ಹಾಕಿದವಳು ತರಕಾರಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಅಪ್ಪ ಬಾಯಿ ಒರೆಸಿಕೊಂಡು ಮೊದಲು ಕೇಳಿದ್ದು, "ಮಗು ನೋಡಿದಳಾ?" ಎಂದು. ಅವಳು ಬಾಗಿಲಲ್ಲೇ ನಿಂತಿದ್ದಳು.

ಆಸ್ಪತ್ರೆಗೆ ಹೋಗಿ ಎದೆ ನೋಡಿಸಿಕೊಂಡು ಬಂದೆವು. ಏನೂ ಆಗಿಲ್ಲ, ಪಕ್ಕೆ ನೋಯುತ್ತದೆ, ಅಷ್ಟೇ ಎಂದರು. ಅದರ ಮಾರನೇ ದಿನ ನಾನು ರಜೆ ಹಾಕಿದೆ. ಬೆಳಿಗ್ಗೆ ಅಪ್ಪನ ಎದುರು ಕಾಫಿ ಇಟ್ಟವಳಿಗೆ ಎಲ್ಲಿತ್ತೋ ಸಿಟ್ಟು, ಕಟ್ಟೆಯೊಡೆಯಿತು. ಆ ಮೆಸ್ಸು ಮುಗಿದು ಎಷ್ಟು ವರ್ಷವಾಯಿತು, ಇಲ್ಲಿ ಯಾವ ಸಾಹೇಬರು ಕೂತಿದ್ದಾರೆ ಎಂದೆ. ನಿಮ್ಮ ಮರ್ಯಾದೆಗೆ ನಮ್ಮ ಜೀವ ತೆಗೆಯುತ್ತೀರಿ ಎಂದೆ. ಎಷ್ಟು ಸಲ ಹೇಳಿದ್ದೆ, ಎದ್ದು ಹೋಗಬೇಡಿ, ನನ್ನನ್ನು ಕರೆಯಿರಿ ಎಂದು, ಒಂದೇ ಒಂದು ಸಲ ಕರೆಯಲು ಏನಾಗಿತ್ತು ಎಂದು ಕೂಗಿದೆ. ಪಕ್ಕದ ಮನೆಗೂ ಕೇಳಿಸಿರಬೇಕು.

ಅಪ್ಪ ನಾನು ಮುಗಿಸುವವರೆಗೆ ಕಾದರು. ಅವರಿಗೆ ಕೋಪವಿರಲಿಲ್ಲ, ಹೇಳಲೋ ಬೇಡವೋ ಎಂಬಂತೆ ಕಾಫಿ ಲೋಟ ತಿರುಗಿಸುತ್ತಿದ್ದರು.

"ಮೊದಲು ನಿನ್ನ ಹತ್ತಿರವೇ ಬಂದೆ ಮಗಾ," ಎಂದರು. "ಬಾಲ್ಕನಿಯ ಗಾಜು ತಟ್ಟಿದೆ. ನೀನು ಫೋನಿನಲ್ಲಿದ್ದೆ. ಒಂದು ನಿಮಿಷ ಅಂತ ನೀನು ಬೆರಳು ತೋರಿಸಿದೆ. ನಾನು ಕಾದೆ. ಆಮೇಲೆ ಬಚ್ಚಲಿಗೆ ಹೋದೆ."

ಬೆರಳು ಎತ್ತಿದ್ದು ನನಗೆ ನೆನಪಿತ್ತು. ಗಾಜಿನ ಆಚೆ ಯಾರೋ ಬಂದು ನಿಂತದ್ದೂ ನೆನಪಿತ್ತು. ಯಾರು ಎಂದು ತಿರುಗಿ ನೋಡಿರಲಿಲ್ಲ.